ಕೊನೆಯ ಎಲೆಯಿಂದ ಬಡಿಸುವವಳು

ನಾಗಮಣಿ ಪಂಕ್ತಿಯಲ್ಲಿ ಬಡಿಸಲು ನಿಂತರೆ ಕೊನೆಯ ಎಲೆಯಿಂದ ಶುರು ಮಾಡುತ್ತಿದ್ದಳು. ಚಪ್ಪರದ ಬಾಗಿಲ ಬಳಿ, ಗಾಳಿಗೆ ಎಲೆ ಮಗುಚುವ ಜಾಗದಲ್ಲಿ, ಯಾವ ಕಡೆಯ ನೆಂಟರೆಂದು ಯಾರಿಗೂ ಸರಿಯಾಗಿ ತಿಳಿಯದವರು ಕೂತಿರುತ್ತಾರಲ್ಲ, ಮೊದಲ ಸೌಟು ಅವರಿಗೆ. ಅಲ್ಲಿಂದ ಹಿಮ್ಮುಖವಾಗಿ ಬಡಿಸುತ್ತ ಬಂದು, ಹಿರಿಯರು ಕೂತ ಕಡೆಯನ್ನು ಮುಟ್ಟುವ ಹೊತ್ತಿಗೆ ಸಾರು ಆರಿರುತ್ತಿತ್ತು. ತೇವಾರಂನಲ್ಲಿ ನಡೆದ ನಮ್ಮ ಬಳಗದ ಮದುವೆಯೊಂದರಲ್ಲಿ ಸಾಲಿನ ಮೊದಲ ಎಲೆ ನನ್ನದಾಗಿತ್ತು. ಅನ್ನದ ಗುಡ್ಡೆಗೆ ಗುಳಿ ಮಾಡಿಕೊಂಡು ಕಾದು ಕಾದು, ಕಡೆಗೆ ನಾನೇ ಕೇಳಬೇಕಾಯಿತು.

“ಏನೇ ನಾಗು, ಮಾಮನ ಎಲೆ ಕಣ್ಗೆ ಬೀಳ್ಲಿಲ್ಲವಾ?”

“ಬಿತ್ತು ಮಾಮ. ನಿಮ್ ಎಲೆ ಎಲ್ಗೂ ಓಗಲ್ಲ. ನೀವು ಬೇಕಂದ್ರೆ ಕೂಗಿ ಕೇಳ್ತೀರಿ, ಇಗೋ ಕೇಳ್ಬುಟ್ರಿ. ಆ ಕಡೇ ಎಲೆಯೋರು ಕೂಗಲ್ಲ. ಅಂಡೆ ಕಾಲಿ ಆದ್ರೆ ಎದ್ದು ಕೈ ತೊಳ್ಕೊಂಡು ಓಯ್ತಾರೆ, ಅಷ್ಟೇಯಾ.”

ಸಾಲು ಸಾಲೇ ನಕ್ಕಿತು. ಯಾರು ಯಾರು ನಕ್ಕರೆಂಬುದು ನನಗೆ ಇಂದಿಗೂ ನೆನಪಿದೆ. ಅವರಲ್ಲಿ ಇಬ್ಬರ ಮನೆಗೆ ನಾನು ಆಮೇಲೆ ಹೋಗಿಲ್ಲ.

ಅವಳು ನನ್ನ ಅಕ್ಕನ ಮಗಳು. ನಮ್ಮದು ತಮಿಳುನಾಡಿನ ಕಂಬಂ ಕಣಿವೆಯಲ್ಲಿ ಎಷ್ಟೋ ತಲೆಮಾರುಗಳಿಂದ ನೆಲೆಸಿದ ಬೇಸಾಯದ ಮನೆತನ; ಬೀದಿಯಲ್ಲಿ ತಮಿಳು, ಅಡುಗೆಮನೆಯಲ್ಲಿ ಕನ್ನಡ, ಜಗಳದಲ್ಲಿ ಎರಡೂ. ನಮ್ಮವರಲ್ಲಿ ಸೋದರಮಾವನಿಗೆ ಸಲ್ಲಬೇಕಾದ ಮರ್ಯಾದೆ ಸಣ್ಣದಲ್ಲ. ನಾಗಮಣಿಗೆ ಕಿವಿ ಚುಚ್ಚಿಸಿದ್ದು ನನ್ನ ಮಡಿಲಲ್ಲಿ ಕೂರಿಸಿಕೊಂಡು. ಅಕ್ಕಸಾಲಿಗ ಸೂಜಿ ಎತ್ತಿದಾಗ ಅವಳು ನನ್ನ ಹೆಬ್ಬೆರಳನ್ನು ಕಚ್ಚಿದ ಗುರುತು ಈಗಲೂ ಇದೆ, ನಂಬದವರಿಗೆ ತೋರಿಸಬಲ್ಲೆ. ಹಾಗೆ ಕಚ್ಚಿದವಳು ದೊಡ್ಡವಳಾಗಿ, ದಿಂಡಿಗಲ್ಲಿನ ನೂಲಿನ ಗಿರಣಿಯೊಂದರಲ್ಲಿ ಯಂತ್ರಗಳನ್ನು ಕಂಪ್ಯೂಟರಿನಿಂದ ನಡೆಸುವ ವಿಭಾಗವನ್ನು ನೋಡಿಕೊಂಡಳು. ಗಿರಣಿ ಮುಚ್ಚಿದ ಮೇಲೆ ಉತ್ತಮಪಾಳಯಂಗೆ ಬಂದು ನೆಲೆಸಿದಳು. ನಾನು ವಿದ್ಯುತ್ ಕೇಂದ್ರಗಳಲ್ಲಿ ಅಳತೆಯ ಉಪಕರಣಗಳ ಎಂಜಿನಿಯರನಾಗಿದ್ದವನು. ನಿವೃತ್ತನಾಗಿ ಕೊಂಬೈಯ ಮನೆಗೆ ಮರಳಿದ ಮೇಲೆ ಕಂಪ್ಯೂಟರಿಗೆ ಬರೆಯುವ ಸಿ ಭಾಷೆಯನ್ನು ಕ್ರಮವಾಗಿ ಕಲಿತೆ. ನೌಕರಿಯ ಕಾಲದಲ್ಲಿ ಕೆಲವು ವರ್ಷ ಮೈಸೂರು ಸೀಮೆಯಲ್ಲಿದ್ದು ಕನ್ನಡದ ಅಕ್ಷರ ಕಲಿತವನು ನಮ್ಮ ಬಳಗದಲ್ಲಿ ನಾನೊಬ್ಬನೇ. ಉಳಿದವರು ಮನೆಮಾತನ್ನು ಬರೆಯಬೇಕಾದರೆ ತಮಿಳು ಅಕ್ಷರದಲ್ಲಿಯೇ ಬರೆಯುತ್ತಾರೆ. ಆದ್ದರಿಂದ ಅವಳ ವಿಷಯ ಬರೆಯುವ ಕೆಲಸವೂ ನನ್ನ ಪಾಲಿಗೇ ಬಂದಿದೆ.

ಅವಳ ಮನೆಯ ನಡುಕೋಣೆಯಲ್ಲಿ ಉದ್ದನೆಯ ಮೇಜಿನ ಮೇಲೆ ಹಳೆಯ ಕಂಪ್ಯೂಟರುಗಳ ಸಾಲಿತ್ತು. ಎಲ್ಲಕ್ಕೂ ಹಳೆಯ ಸೀರೆಯ ತುಂಡುಗಳ ಹೊದಿಕೆ. ಪ್ರತಿ ಬೆಳಿಗ್ಗೆ ಮೊದಲು ಮುಸುಕು ತೆಗೆಯುತ್ತಿದ್ದುದು ಎಲ್ಲಕ್ಕಿಂತ ಮುದಿಯದರದ್ದು. ಅದು ಎಚ್ಚೆತ್ತು ಏದುಸಿರು ಬಿಡುವಷ್ಟರಲ್ಲಿ ಇವಳ ಕಾಫಿ ಮುಗಿದಿರುತ್ತಿತ್ತು. ‘ಕಾವು’ ಎಂಬ ತಂತ್ರಾಂಶ ಹುಟ್ಟಿ ಬೆಳೆದದ್ದು ಆ ಮೇಜಿನ ಮೇಲೆ.

‘ಕಾವು’ ಮಾಡುವ ಕೆಲಸ ಸರಳ. ನಮ್ಮ ಕಣಿವೆಯ ಮೇಲಿನ ಬೆಟ್ಟಗಳಲ್ಲಿ ಏಲಕ್ಕಿ ತೋಟಗಳಿವೆ. ಕೊಯ್ದ ಹಸಿ ಕಾಯಿಯನ್ನು ಒಣಗಿಸುವ ಮನೆಗೆ ತೋಟದವರು ಸ್ಟೋರ್ ಎನ್ನುತ್ತಾರೆ. ಅಲ್ಲಿ ಬಿಸಿ ಕಡಿಮೆಯಾದರೆ ಕಾಯಿ ಬೂಸಲು ಹಿಡಿಯುತ್ತದೆ, ಹೆಚ್ಚಾದರೆ ಹಸಿರು ಹೋಗಿ ಕಂದಾಗುತ್ತದೆ. ಒಳಗಿನ ಬಿಸಿಯನ್ನೂ ತೇವವನ್ನೂ ಅಳೆದು ಒಲೆಯ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವುದು ‘ಕಾವು’ವಿನ ಕೆಲಸ. ನಾಗಮಣಿ ಅದರ ಕೋಡನ್ನು, ಎಂದರೆ ಯಂತ್ರಕ್ಕೆಂದು ಬರೆದ ಸಾಲುಗಳನ್ನು, ಯಾರು ಬೇಕಾದರೂ ತೆಗೆದುಕೊಳ್ಳಲಿ, ತಿದ್ದಲಿ ಎಂದು ಇಂಟರ್‌ನೆಟ್ಟಿನಲ್ಲಿ ಬಿಟ್ಟಿದ್ದಳು. ಹೊಗೆಸೊಪ್ಪು, ಮೀನು, ಸೇಬು ಒಣಗಿಸುವವರೆಲ್ಲ ಎಲ್ಲೆಲ್ಲಿಂದಲೋ ಅದನ್ನು ತೆಗೆದುಕೊಂಡರು. ಒಬ್ಬೊಬ್ಬರ ಯಂತ್ರ ಒಂದೊಂದು ಬಗೆ. ಅವರವರ ಯಂತ್ರದಲ್ಲಿರುವ ಕಂಪೈಲರು ಆ ಕೋಡನ್ನು ಓದಿ ಆ ಯಂತ್ರಕ್ಕೆ ಅರ್ಥವಾಗುವಂತೆ ಮಾಡಿಕೊಡಬೇಕು. ಇಷ್ಟು ತಿಳಿದರೆ ಮುಂದಿನದೆಲ್ಲ ತಿಳಿಯುತ್ತದೆ.

ಸಿ ಭಾಷೆಗೆ ಬರೆದಿಟ್ಟ ನಿಯಮಗಳಿವೆ. ಎಂಬತ್ತೊಂಬತ್ತರ ನಿಯಮ, ತೊಂಬತ್ತೊಂಬತ್ತರ ನಿಯಮ, ಹನ್ನೊಂದರ ನಿಯಮ ಎಂದು ವರ್ಷದ ಹೆಸರಿನಿಂದಲೇ ಅವುಗಳನ್ನು ಕರೆಯುವುದು ರೂಢಿ. ಹೊಸದು ಬಂದಂತೆ ಬರೆಯುವವರಿಗೆ ಸುಖ ಹೆಚ್ಚು, ತಪ್ಪು ಕಡಿಮೆ. ಆದರೆ ಹಳೆಯ ಕಂಪೈಲರಿಗೆ ಹೊಸ ನಿಯಮದ ಬರಹ ತಿಳಿಯದು, ಅರ್ಧದಲ್ಲಿ ನಿಂತುಬಿಡುತ್ತದೆ. ನಾನು ‘ಕಾವು’ವಿನಲ್ಲಿದ್ದ ಲೆಕ್ಕದ ತಪ್ಪೊಂದನ್ನು ಕಂಡುಹಿಡಿದು, ತಿದ್ದುಪಡಿ ಬರೆದು ಕಳುಹಿಸಿದೆ. ತೊಂಬತ್ತೊಂಬತ್ತರ ನಿಯಮದಂತೆ, ಎಣಿಕೆಗೆ ಬೇಕಾದ ಹೆಸರನ್ನು ಬೇಕಾದ ಜಾಗದಲ್ಲೇ ಹುಟ್ಟಿಸಿಕೊಂಡಿದ್ದೆ. ಹಳೆಯ ನಿಯಮದಲ್ಲಾದರೆ ಅದನ್ನು ಮೇಲೆಯೇ ಸಾರಿ ಇಟ್ಟಿರಬೇಕು. ಉತ್ತರ ಇಂಗ್ಲಿಷಿನಲ್ಲಿ ಬಂತು, ಲೋಕವೆಲ್ಲ ನೋಡುವ ಪುಟದಲ್ಲಿ. ತಿದ್ದುಪಡಿ ಸರಿಯಾಗಿದೆ, ಆದರೆ ಎಲ್ಲರ ಕಂಪೈಲರೂ ಇದನ್ನು ಒಪ್ಪದು, ಹಳೆಯ ನಿಯಮದಲ್ಲಿ ಬರೆದು ಕಳುಹಿಸಿ ಎಂದಿತ್ತು. ಮೇಲೆ ನನ್ನನ್ನು ‘ಪ್ರಿಯ ಸಹಕಾರಿ’ ಎಂದು ಸಂಬೋಧಿಸಿದ್ದಳು. ಹೆಬ್ಬೆರಳು ಕಚ್ಚಿಸಿಕೊಂಡವನಿಗೆ, ಪ್ರಿಯ ಸಹಕಾರಿ!

ಮಾರನೆಯ ದಿನವೇ ಟೌನ್ ಬಸ್ಸು ಹತ್ತಿ ಉತ್ತಮಪಾಳಯಂಗೆ ಹೋದೆ. ಅವಳು ಮುದಿ ಯಂತ್ರದ ಮುಂದೆ ಕೂತು ಬೀನ್ಸ್ ಹೆಚ್ಚುತ್ತಿದ್ದಳು.

“ಮಾಮ, ನೀವು ಓದ್ದೋರು. ಆನಾ, ಲೋಕದಲ್ಲಿರೋ ಪೆಟ್ಗೆ ಎಲ್ಲಾ ಓದ್ದವಲ್ಲ” ಎಂದಳು. ಆನಾ ಎಂದರೆ ನಮ್ಮ ಮನೆಮಾತಿನಲ್ಲಿ ಆದರೆ. ತಮಿಳಿನಿಂದ ಬಂದು ಮನೆಯವನಾದ ಮಾತು.

“ಯಾವ್ದೇ ಆ ಓದ್ದೇ ಇರೋ ಪೆಟ್ಗೆ? ಯಾರ್ ಮನೇಲೈತೆ? ಎಸ್ರು ಯೋಳು.”

“ಗೊತ್ತಿಲ್ಲ ಮಾಮ.”

“ಗೊತ್ತಿಲ್ದಿರೋನ್ಗೋಸ್ಕರ ಗೊತ್ತಿರೋ ಮಾಮನ್ನ ತಳ್ಬುಟ್ಯಾ?”

“ಗೊತ್ತಿಲ್ಲ ಅಂತ್ಲೇ ತಳ್ಳಿದ್ದು. ಗೊತ್ತಿದ್ರೆ ಪೋನ್ ಮಾಡಿ ಕೇಳ್ತಿದ್ನಲ್ಲಾ. ಬೀನ್ಸ್ ಪೊರಿಯಲ್ ಆಯ್ತದೆ, ಕೂತ್ಕೊಳ್ಳಿ, ಉಂಡು ಬಯ್ಯಿರಿ.”

ಉಂಡು ಬಯ್ದೆ. ಆದರೆ ಬಸ್ಸಿನಲ್ಲಿ ಹಿಂದಿರುಗುವಾಗ ಅವಳ ಮಾತು ನನ್ನನ್ನು ಕೊರೆಯತೊಡಗಿತು. ಕೋಡನ್ನು ತೆಗೆದುಕೊಳ್ಳುವವನು ಹೆಸರು ಬರೆದಿಟ್ಟು ಹೋಗುವುದಿಲ್ಲ. ಯಾವ ಬೆಟ್ಟದ ಮೇಲೆ, ಯಾವ ಸಮುದ್ರದ ದಡದಲ್ಲಿ, ಯಾವ ಕಾಲದ ಪೆಟ್ಟಿಗೆಯ ಮುಂದೆ ಅವನು ಕೂತಿದ್ದಾನೆ? ಅವನು ಇದ್ದಾನೆಯೇ, ಅಥವಾ ನಾಗಮಣಿಯ ಊಹೆಯೇ? ಅಳತೆಯ ಉಪಕರಣಗಳ ನಡುವೆ ಬದುಕು ಕಳೆದ ನನಗೆ, ಅಳೆಯಲಾಗದ ಆ ಮನುಷ್ಯನ ಮೇಲೆ ಸಿಟ್ಟಿಗಿಂತ ಕುತೂಹಲವೇ ಬಲವಾಯಿತು.

ಅವಳನ್ನು ಅಲುಗಾಡಿಸಿದ್ದು ನನ್ನ ಸಿಟ್ಟಲ್ಲ, ಒಂದು ತಪ್ಪು. ‘ಕಾವು’ವಿನಲ್ಲಿ ಪ್ರತಿ ಬಗೆಯ ಬೆಳೆಗೂ ಒಂದು ಕೋಷ್ಟಕ ಇತ್ತು: ಬಿಸಿ ಇಷ್ಟು, ತೇವ ಇಷ್ಟು, ಗಾಳಿ ಇಷ್ಟು. ಹಳೆಯ ನಿಯಮದಲ್ಲಿ ಆ ಅಂಕಿಗಳನ್ನು ಸಾಲಾಗಿ, ಹೆಸರಿಲ್ಲದೆ, ಸ್ಥಾನ ನೋಡಿ ತುಂಬಬೇಕು. ಯಾರೋ ಸಹಕಾರಿ ನಡುವೆ ಹೊಸ ಅಂಕಿಯೊಂದನ್ನು ಸೇರಿಸಿದಾಗ ತೇವದ ಅಂಕಿ ಬಿಸಿಯ ಮನೆಗೆ ಸರಿದುಹೋಯಿತು. ಹೊಸ ಆವೃತ್ತಿಯ ಬಿಡುಗಡೆಗೆ ಮುಂಚೆ ನಾನು ಅದನ್ನು ಹಿಡಿದೆ. ಹಿಡಿಯದಿದ್ದರೆ ಯಾರದೋ ಸ್ಟೋರು ಬೆಂಕಿಗೆ ಹೋಗುತ್ತಿತ್ತು. ತೊಂಬತ್ತೊಂಬತ್ತರ ನಿಯಮದಲ್ಲಿ ಬಿಸಿ ಇಷ್ಟು, ತೇವ ಇಷ್ಟು ಎಂದು ಹೆಸರು ಹೇಳಿಯೇ ತುಂಬಬಹುದು. ಅಂಕಿ ಮನೆ ತಪ್ಪುವುದಿಲ್ಲ. ಈಗಲಾದರೂ ಬದಲಿಸು ಎಂದೆ. ನಾಗಮಣಿ ಆ ಕೋಷ್ಟಕವನ್ನು ಮೇಲಿನಿಂದ ಕೆಳಗೆ ಮತ್ತೊಮ್ಮೆ ಓದಿದಳು. ಹಳೆಯದರಲ್ಲಿದ್ದರೆ ಬೆಂಕಿಯ ಭಯ, ಹೊಸದಕ್ಕೆ ಹೋದರೆ ಕಾಣದವನೊಬ್ಬ ಹೊರಗೆ ಉಳಿಯುವ ಭಯ.

“ನಾವು ತೀರ್ಮಾನ ಮಾಡೋದು ಬ್ಯಾಡ ಮಾಮ. ಒಂದ್ ಕಟ್ಟು ಕಬ್ಬು ಇಟ್ಟು ನೋಡಾಣ” ಎಂದಳು.

ಓದುವವರಿಗೆ ಇದನ್ನು ಬಿಡಿಸಿ ಹೇಳಬೇಕು. ಕಂಬಂನಲ್ಲಿ ನಮ್ಮವರು ದೇವರಿಗೆಂದು ಬಿಟ್ಟ ಆವುಗಳ ಮಂದೆಯಿದೆ; ದನಕ್ಕೆ ನಮ್ಮಲ್ಲಿ ಆವು ಎನ್ನುತ್ತಾರೆ. ಅವನ್ನು ಮಾರುವಂತಿಲ್ಲ. ಮಂದೆಗೆ ಒಂದು ಪಟ್ಟದ ಆವು. ಅದು ತೀರಿಕೊಂಡರೆ ಮುಂದಿನದನ್ನು ಮನುಷ್ಯರು ಆರಿಸುವುದಿಲ್ಲ. ಕರ್ಪೂರ ಹಚ್ಚಿ, ಮಂದೆಯ ಮುಂದೆ ಕಬ್ಬಿನ ಕಟ್ಟು ಇರಿಸಿ, ಎಲ್ಲರೂ ದೂರ ಸರಿದು ಕಾಯುತ್ತಾರೆ. ಯಾವುದು ತಾನಾಗಿ ಬಂದು ಕಬ್ಬಿನ ಬಳಿ ಮಲಗುತ್ತದೋ ಅದಕ್ಕೆ ಪಟ್ಟ. ಅಲ್ಲಿಯವರೆಗೆ ಯಾರೂ ಸದ್ದು ಮಾಡಕೂಡದೆಂದು ನಮ್ಮ ಮನೆಯ ಹಿರಿಯರು ಮಕ್ಕಳ ಬಾಯಿಗೆ ಕೈ ಅಡ್ಡ ಇಡುತ್ತಿದ್ದರು. ಕೂಗಿ ಕರೆದರೆ ಅದು ಮನುಷ್ಯರ ಆಯ್ಕೆಯಾಗಿಬಿಡುತ್ತದೆ.

ನಾಗಮಣಿ ಇಟ್ಟ ಕಬ್ಬು ಒಂದೇ ಒಂದು ಕೋಷ್ಟಕ. ಎಲ್ಲರೂ ಕಂಪೈಲ್ ಮಾಡಲೇಬೇಕಾದ ಒಂದು ಕಡತದಲ್ಲಿ ಅದೊಂದನ್ನು ಮಾತ್ರ ಹೊಸ ನಿಯಮದಂತೆ ಹೆಸರು ಹೇಳಿ ತುಂಬಿದಳು. ಬೇಡವೆಂದರೆ ಒಂದು ಗಳಿಗೆಯಲ್ಲಿ ಹಿಂದಕ್ಕೆ ತೆಗೆಯಬಹುದು. ಅದರ ಮೇಲೆ, ಲೋಕದವರಿಗೆಂದು ಇಂಗ್ಲಿಷಿನಲ್ಲಿ, ಇದು ಪರೀಕ್ಷೆ, ನಿಮ್ಮ ಕಂಪೈಲರ್ ಇಲ್ಲಿ ನಿಂತರೆ ತಿಳಿಸಿ ಎಂದು ಒಂದು ಸಾಲು ಬರೆದಳು. ಅದರ ಕೆಳಗೆ, ಇಂಗ್ಲಿಷ್ ಬಾರದ ಬೆಟ್ಟದ ನಮ್ಮವರಿಗೆಂದು, ಮನೆಮಾತಿನಲ್ಲಿ, ತಮಿಳು ಅಕ್ಷರದಲ್ಲಿ ಇನ್ನೊಂದು ಸಾಲು: “ಇದು ಕಬ್ಬು. ಇಟ್ಟು ಕಾಯ್ತಾ ಇದ್ದೀವಿ.”

ಕಾದೆವು. ಮುಂಗಾರು ಬಂದು ಹೋಯಿತು. ಬಿಡುಗಡೆಯ ಮೇಲೆ ಬಿಡುಗಡೆ ಬಂತು. ಯಾರೂ ಏನೂ ಬರೆಯಲಿಲ್ಲ. ನಾನು ಹಳೆಯ ತಿದ್ದುಪಡಿಯನ್ನು ಧೂಳು ಕೊಡವಿ ಸಿದ್ಧ ಮಾಡಿಕೊಂಡು ಉತ್ತಮಪಾಳಯಂಗೆ ಹೋದೆ. ಅವಳ ಮುಖದಲ್ಲಿ ಗೆಲುವಿರಲಿಲ್ಲ.

“ಕೂಗ್ಲಿಲ್ಲ ಅಂದ್ರೆ ಒಟ್ಟೆ ತುಂಬ್ತು ಅಂತಾ ಅರ್ತವಾ ಮಾಮ?”

“ಇಲ್ದಿರೋನ್ ಎಂಗೇ ಕೂಗ್ತಾನೆ?”

“ಇದ್ದೂ ಕೂಗ್ದಿರೋನು?”

ತನಗೆ ಗೊತ್ತಿದ್ದವರಿಗೆಲ್ಲ ಅವಳೇ ಫೋನ್ ಮಾಡತೊಡಗಿದಳು. ಲಿಂಗಣ್ಣನಿಗೂ ಮಾಡಿದಳು. ಅವನು ಕೊಂಬೈಯವನು, ನಮ್ಮವನೇ. ಬೆಟ್ಟದ ಮೇಲೊಂದು ಏಲಕ್ಕಿ ಸ್ಟೋರನ್ನು ನೋಡಿಕೊಳ್ಳುತ್ತಾನೆ. ‘ಕಾವು’ವನ್ನು ಮೊಟ್ಟಮೊದಲು ಹಾಕಿಕೊಂಡವರಲ್ಲಿ ಅವನೂ ಒಬ್ಬ. “ಎಲ್ಲಾ ಚೆಂದಾಗೈತೆ ಅಕ್ಕಾ, ಎಲ್ಲಾ ಚೆಂದಾಗೈತೆ” ಎಂದನಂತೆ. ಫೋನ್ ಇಟ್ಟವಳು ನನ್ನನ್ನು ನೋಡಿದಳು.

“ಎರಡ್ ಸಲ ಯೋಳ್ದ ಮಾಮ. ಒಂದ್ ಸಲ ಯೋಳಿದ್ರೆ ನಂಬ್ತಿದ್ದೆ. ನಾಳೆ ಜೀಪಿಗೆ ಯೋಳಿ.”

ಕಂಬಂಮೆಟ್ಟು ಘಾಟಿಯ ತಿರುವುಗಳನ್ನು ಏರಿ ಹೋಗುವಾಗ ದಾರಿಯುದ್ದಕ್ಕೂ ನಾನೊಬ್ಬನೇ ಮಾತಾಡಿದೆ. ಸ್ಟೋರಿನ ಬಾಗಿಲು ತೆರೆದಾಗ ಏಲಕ್ಕಿಯ ಬಿಸಿ ಪರಿಮಳ ಮುಖಕ್ಕೆ ರಾಚಿತು. ಒಳಗೆ ಲಿಂಗಣ್ಣ ಒಂದು ಸ್ಟೂಲಿನ ಮೇಲೆ, ಗೋಡೆಯ ಥರ್ಮಾಮೀಟರಿಗೆ ಎದುರಾಗಿ ಕೂತಿದ್ದ. ಕಣ್ಣುಗಳು ಕೆಂಪಗಿದ್ದವು. ನಾಗಮಣಿಗೆ ಸ್ಟೂಲು ಕೊಟ್ಟ. ನನಗೆ ಕೂರಲು ಹೇಳಲಿಲ್ಲ. ಅದಿರಲಿ.

ನಾಗಮಣಿ ಪೆಟ್ಟಿಗೆಯನ್ನು ನೋಡಿದಳು. ಕಬ್ಬು ಇಡುವುದಕ್ಕಿಂತ ಮುಂಚಿನ ಆವೃತ್ತಿಯೇ ಅದರಲ್ಲಿ ಓಡುತ್ತಿತ್ತು. ಆ ಹಳೆಯ ಆವೃತ್ತಿಗೊಂದು ಕೆಟ್ಟ ರೋಗವಿತ್ತು: ಬಿಸಿ ಅಳೆಯುವ ತಂತಿ ಕೆಟ್ಟು ಒಂದೇ ಅಂಕಿ ಹೇಳುತ್ತ ನಿಂತರೂ ಅದು ನಂಬಿಬಿಡುತ್ತಿತ್ತು. ಮುಂದಿನ ಆವೃತ್ತಿಯಲ್ಲಿ ಅದನ್ನು ನಾವು ವಾಸಿ ಮಾಡಿದ್ದೆವು. ಲಿಂಗಣ್ಣ ಅದನ್ನು ಹಾಕಲು ಹೋದಾಗ ಕಂಪೈಲರು ಆ ಕೋಷ್ಟಕದ ಬಳಿ ನಿಂತುಹೋಗಿತ್ತು. ಹಳೆಯದನ್ನೇ ಉಳಿಸಿಕೊಂಡ. ಒಂದು ದಿನ ತಂತಿ ಕೆಟ್ಟು, ಒಲೆ ಉರಿಯುತ್ತಲೇ ಇದ್ದು, ತಟ್ಟೆಗಳ ಏಲಕ್ಕಿಯೆಲ್ಲ ಕಂದಾಯಿತು. ಮೇಲಿನ ಅಟ್ಟದ ಮರ ಹೊಗೆಯಾಡಿತು. ಆ ದಿನದಿಂದ, ಒಲೆ ಹಚ್ಚಿದಾಗಲೆಲ್ಲ, ಆರುವವರೆಗೂ ಅವನು ಆ ಸ್ಟೂಲು ಬಿಟ್ಟೇಳುತ್ತಿರಲಿಲ್ಲ.

“ಯಾಕೋ ಲಿಂಗಣ್ಣಾ, ಒಂದ್ ಮಾತು ಯೋಳ್ಬಾರದಾ? ನಾನ್ ಪೋನ್ ಮಾಡ್ದಾಗ್ಲೂ ಚೆಂದಾಗೈತೆ ಅಂದ್ಯಲ್ಲೋ!”

ಲಿಂಗಣ್ಣ ನಮ್ಮಿಬ್ಬರ ಮುಖವನ್ನೂ ನೋಡಿದ. ಇಷ್ಟು ಓದಿದವರಿಗೆ ಇದೂ ತಿಳಿಯದೇ ಎಂಬ ಅನುಮಾನ ಅವನ ಮುಖದಲ್ಲಿತ್ತು.

“ಎಂಗಕ್ಕಾ ಯೋಳ್ಲಿ? ಕಬ್ಬು ಇಟ್ಟು ಕಾಯ್ತಾ ಇದ್ದೀವಿ ಅಂತಾ ನೀವೇ ಬರ್ದಿದ್ರಲ್ಲಾ. ಕಬ್ಬು ಇಟ್ಟಾಗ ಯಾರಾನಾ ಬಾಯ್ ಬಿಡ್ತಾರಾ? ನನ್ನಿಂದ ಕೆಟ್ಟೋಯ್ತು ಅಂತಾ ಆಗ್ಬಾರ್ದು ಅಂದ್ಕೊಂಡೆ. ಆವು ಬರ್ಲಿ, ಆಮೇಲೆ ಯೋಳಾಣ ಅಂತಾ ಕೂತಿದ್ದೆ.”

ನಾಗಮಣಿ ಒಮ್ಮೆ ನಕ್ಕಳು. ನಕ್ಕವಳು ಹಾಗೆಯೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಅಟ್ಟದ ಕರಿ ಹಿಡಿದ ಮರವನ್ನು ನೋಡುತ್ತ ನಿಂತಳು. ಲೋಕದಲ್ಲೆಲ್ಲ ಹುಡುಕಿದ ಆ ಕಾಣದ ಮನುಷ್ಯ ನಮ್ಮೂರಿನವನೇ ಆಗಿದ್ದ. ಅವಳ ಭಾಷೆಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನಾದ್ದರಿಂದಲೇ ಅವನು ಸುಮ್ಮನಿದ್ದ. ಬೇರೆ ಯಾವ ಊರಿನವನಾಗಿದ್ದರೂ ಮೊದಲ ದಿನವೇ ಬಯ್ದು ಬರೆಯುತ್ತಿದ್ದ.

“ತಪ್ಪು ನಂದು ಲಿಂಗಣ್ಣಾ. ಇದು ಬಾಯ್ ಬಿಡ್ಬೇಕಾದ ಕಬ್ಬು” ಎಂದಳು ಕೊನೆಗೆ.

ಅಲ್ಲೇ ಸ್ಟೂಲಿನ ಮೇಲೆ ಕೂತು ಕೋಷ್ಟಕವನ್ನು ಹಳೆಯ ನಿಯಮಕ್ಕೆ ತಿರುಗಿಸಿದಳು. ಲಿಂಗಣ್ಣನ ಪೆಟ್ಟಿಗೆ ಅದನ್ನು ಕೊನೆಯವರೆಗೂ ಓದಿ ಮುಗಿಸುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಎದ್ದಳು. ಜೀಪು ಹತ್ತುವಾಗ ನನಗೊಂದು ಕೆಲಸ ಹಚ್ಚಿದಳು: ಆ ಪೆಟ್ಟಿಗೆಗೆ ಹೊಸ ನಿಯಮ ಬಲ್ಲ ಕಂಪೈಲರೊಂದನ್ನು ಒದಗಿಸುವುದು. “ನಿಮ್ಮಷ್ಟು ಅಟ ಇರೋರು ಬ್ಯಾರೆ ಯಾರಿದ್ದಾರೆ ಮಾಮ” ಎಂದಳು. ಇದನ್ನು ಹೊಗಳಿಕೆಯ ಪಟ್ಟಿಗೆ ಸೇರಿಸಬೇಕೋ ಅವಮಾನದ ಪಟ್ಟಿಗೋ ಎಂದು ನಾನು ಇನ್ನೂ ತೀರ್ಮಾನಿಸಿಲ್ಲ.

ಹಳೆಯ ಕಂಪೈಲರಿನಿಂದಲೇ ಅದಕ್ಕಿಂತ ತುಸು ಹೊಸದನ್ನು, ಆ ಹೊಸದರಿಂದ ಇನ್ನೂ ಹೊಸದನ್ನು ಕಟ್ಟುತ್ತ ಹೋಗಬೇಕಿತ್ತು. ಬೆಟ್ಟಕ್ಕೆ ಹತ್ತಿ ಇಳಿದು ನನ್ನ ಮೊಣಕಾಲು ಸವೆಯಿತು. ಲಿಂಗಣ್ಣ ಎರಡನೆಯ ಭೇಟಿಯಿಂದ ಕೂರಲು ಹೇಳಿದ. ಕೊನೆಗೊಂದು ಸಂಜೆ ಅವನೇ ಫೋನ್ ಮಾಡಿ, “ಓದ್ತು ಮಾವಾ! ನಮ್ ಪೆಟ್ಗೆ ಪಾಸಾಯ್ತು!” ಎಂದು ಕಿವಿ ಒಡೆಯುವಂತೆ ಕೂಗಿದ. ನಾಗಮಣಿ ಕಬ್ಬನ್ನು ಮತ್ತೆ ಇಟ್ಟಳು. ಈ ಸಲ ತಮಿಳು ಅಕ್ಷರದ ಸಾಲು ಬೇರೆಯಾಗಿತ್ತು: “ಇದು ಕಬ್ಬು. ಒಡೆದ್ರೆ ಕೂಗಿ. ಸುಮ್ನೆ ಇರ್ಬೇಡಿ.” ಕಾದು, ಗೊತ್ತಿದ್ದವರನ್ನೆಲ್ಲ ಕೇಳಿ, ಆಮೇಲೆಯೇ ‘ಕಾವು’ ತೊಂಬತ್ತೊಂಬತ್ತರ ನಿಯಮಕ್ಕೆ ದಾಟಿತು. ಅದೇ ದಿನ ನನ್ನ ತಿದ್ದುಪಡಿಯನ್ನು, ನಾನು ಕೇಳದೆಯೇ, ನನ್ನ ಹೆಸರಿನಲ್ಲಿ ಸೇರಿಸಿದಳು. ಸೇರಿಸುವಾಗ ಎರಡು ಕಡೆ ಖಾಲಿ ಜಾಗವನ್ನು ಸರಿಪಡಿಸಿದ್ದಳು. ಅದರ ಅಗತ್ಯವಿರಲಿಲ್ಲ.

ಮುಂದೆ ಅವಳಿಗೆ ರಕ್ತದ ಕಾಯಿಲೆ ಬಂತು. ಆಸ್ಪತ್ರೆಗೆ ಹೋಗುವ ಮುಂಚೆ ಹನ್ನೊಂದರ ನಿಯಮದ ಒಂದು ಸಾಲನ್ನು ಕಬ್ಬಾಗಿ ಇಟ್ಟು ಹೋಗಿದ್ದಳು. ತೇನಿಯ ಆಸ್ಪತ್ರೆಯಲ್ಲಿ ಕೊನೆಯ ಸಲ ನೋಡಿದಾಗ ಮೈ ಹತ್ತಿಯಂತೆ ಹಗುರಾಗಿತ್ತು. ನಾನು ತಂದ ಎಳನೀರನ್ನು ಪಕ್ಕದ ಹಾಸಿಗೆಯಾಕೆಗೆ ಮೊದಲು ಕೊಡಿಸಿದಳು.

“ಯಾರಾನಾ ಕೂಗಿದ್ರಾ ಮಾಮ?”

“ಯಾರೂ ಇಲ್ಲ ಕಣೇ.”

“ಅಂಗಾದ್ರೆ ಇನ್ನೂ ಕಾಯಿರಿ. ನೀವ್ ಅವಸ್ರ ಪಡ್ತೀರಿ” ಎಂದಳು. ಅಂಥ ಹೊತ್ತಿನಲ್ಲಿಯೂ ಒಂದು ಕುಟುಕು.

ಈಗ ಆ ಯಂತ್ರಗಳ ಸಾಲು ಕೊಂಬೈಯ ನನ್ನ ಮನೆಯಲ್ಲಿದೆ. ‘ಕಾವು’ವನ್ನು ನೋಡಿಕೊಳ್ಳುವವನು ನಾನು. ಕಳೆದ ತಿಂಗಳು, ಸಂಜೆ ಕಾಫಿಯ ಹೊತ್ತಿಗೆ, ದೂರದ ಯಾವುದೋ ಚಳಿಯ ದೇಶದ ದಡದಲ್ಲಿ ಮೀನು ಒಣಗಿಸುವವನೊಬ್ಬ ಎಲ್ಲರೂ ನೋಡುವ ಪುಟದಲ್ಲಿ ಬರೆದಿದ್ದ. ನಾನು ಹೆಸರನ್ನೂ ಕೇಳದ ಯಂತ್ರ ಅವನದು. ನಾಗಮಣಿ ಕಬ್ಬಾಗಿ ಇಟ್ಟು ಹೋದ ಸಾಲಿನ ಬಳಿ ಹೊಸ ಆವೃತ್ತಿ ಅದರಲ್ಲಿ ಅರ್ಧಕ್ಕೆ ನಿಂತಿತ್ತು. ಈ ಸಾಲನ್ನು ಬರೆದ ಮುಟ್ಟಾಳ ಯಾರು ಎಂದು ಕೇಳಿದ್ದ.

ನನ್ನನ್ನು ಬಲ್ಲವರು ಊಹಿಸಬಹುದು, ಬೇರೆ ದಿನವಾಗಿದ್ದರೆ ಏನಾಗುತ್ತಿತ್ತೆಂದು. ಅವನಿಗೆ ವಂದನೆ ಬರೆದೆ. ಪ್ರಿಯ ಸಹಕಾರಿ ಎಂದು ಶುರು ಮಾಡಿದೆ. ಆ ಸಾಲನ್ನು ಅಂದೇ ಹಿಂದಕ್ಕೆ ತೆಗೆದು, ನಿಮ್ಮ ಯಂತ್ರ ಈಗ ಓದುತ್ತದೆಯೇ ನೋಡಿ ಹೇಳಿ ಎಂದು ಕೇಳಿದೆ. ಓದುತ್ತದೆ ಎಂದು ಒಂದೇ ಮಾತಿನ ಉತ್ತರ ಬಂತು. ಖುಷಿಯಲ್ಲಿ ಕೈ ತಾನಾಗಿ ಫೋನಿನ ಕಡೆ ಹೋಯಿತು. ಅದರ ಪಟ್ಟಿಯಲ್ಲಿ ನಾಗಮಣಿಯ ಹೆಸರು ಇನ್ನೂ ಮೇಲಿನ ಸಾಲಿನಲ್ಲೇ ಇದೆ. ಫೋನನ್ನು ಮಗುಚಿ ಇಟ್ಟೆ. ಎದ್ದು ಹೋಗಿ ಮುದಿ ಯಂತ್ರದ ಮೇಲಿನ ಸೀರೆಯ ತುಂಡನ್ನು ಸರಿಸಿ, ಅದರ ಮುಂದೆ ಕೂತೆ.

“ಕೂಗ್ಬುಟ್ರು ನಾಗು” ಎಂದೆ ಗಟ್ಟಿಯಾಗಿಯೇ. “ನಿನ್ ಮಾಮನ್ನ ಮುಟ್ಟಾಳ ಅಂದ್ರು.”